ವೇದಾಂತ ಕೂಡಿಸುವ ಬಗೆ: ಲಚ್ಯಾಣ ಭಾಗದ ಬಳಕೆದಾರರಿಗೆ ಸೂಚನೆಗಳು

ಮೊದಲು ಇದನ್ನು ಓದಿ

ಬೋರ್‌ವೆಲ್ಲಿಗೆ ಪಂಪು ತಂದರೆ ಜತೆಗೆ ನಾಲ್ಕಾರು ಭಾಷೆಯ ಪುಸ್ತಕವೊಂದು ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಫಿಟ್ಟರ್ ಬಂದು ಕೂಡಿಸಿ ಹೋಗುತ್ತಾನೆ, ಪಂಪು ನಡೆಯುತ್ತದೆ. ವೇದಾಂತದ್ದು ಇದಕ್ಕೆ ತಿರುಗಾಮುರುಗಾ. ಪುಸ್ತಕ ಎಲ್ಲರೂ ಓದಿದ್ದಾರೆ, ಓದದವರು ಪ್ರವಚನದಲ್ಲಿ ಕೇಳಿದ್ದಾರೆ, ಕೂಡಿಸಿಕೊಂಡವರು ಮಾತ್ರ ಕಾಣಸಿಗುವುದಿಲ್ಲ. ಶ್ರಾವಣದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ಊರಿಗೆ ಹೋದರೂ ಗುಡಿ ಮುಂದೊಂದು ಪೆಂಡಾಲು, ಒಳಗೆ ಪುರಾಣ ಇಲ್ಲವೇ ಪ್ರವಚನ. ಕೇಳಿ ಎದ್ದವರು ಚಹದಂಗಡಿಗೆ ಬಂದು, "ಎಲ್ಲಾ ಮಾಯಾ ಅದ ಬಿಡ್ರಿ" ಅನ್ನುತ್ತ ಚಹದ ರೊಕ್ಕ ಬಾಜೂದವನ ಕಡೆಯಿಂದ ಕೊಡಿಸುತ್ತಾರೆ. ಈ ಸೂಚನೆಗಳು ಅವರಿಗಾಗಿ. ರೊಕ್ಕ ಕೊಟ್ಟ ಬಾಜೂದವರಿಗೂ ಉಪಯೋಗಕ್ಕೆ ಬಂದಾವು.

ಈ ವಸ್ತು ಸ್ವಂತ ಬಳಕೆಗೆ ಮಾತ್ರ. ಇದೊಂದು ಸಾಲು ನೆನಪಿದ್ದರೆ ಉಳಿದದ್ದನ್ನು ಓದದಿದ್ದರೂ ನಡೆದೀತು. ಆದರೆ ಜನ ಹಾರಿಸಿ ಓದುವುದು ಇದೇ ಸಾಲನ್ನು. ಅದಕ್ಕೇ ಮುಂದಿನದೆಲ್ಲ ಬರೆಯಬೇಕಾಯಿತು.

ಡಬ್ಬಿಯಲ್ಲಿರುವ ಸಾಮಾನು

ಮುಖ್ಯ ಉಪನಿಷತ್ತುಗಳು ಹತ್ತು-ಹನ್ನೆರಡು. ಕಥೆಗಳು ಬೇಕಾದಷ್ಟು. ಉಪ್ಪು, ನೀರು, ಆಲದ ಹಣ್ಣು: ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಪಾಠ ಹೇಳಿದ್ದು ಇವನ್ನು ಇಟ್ಟುಕೊಂಡೇ. ಇವು ನಮ್ಮ ಸಂತೆಯಲ್ಲಿ, ನಮ್ಮ ದಾರಿಬದಿಯಲ್ಲೇ ಸಿಗುತ್ತವೆ, ಹೊರಗಿಂದ ತರಿಸಬೇಕಿಲ್ಲ. ಆಮೇಲೆ ದೊಡ್ಡ ದೊಡ್ಡ ಶಬ್ದಗಳ ಚೀಲವೊಂದಿದೆ: ಆತ್ಮ, ಬ್ರಹ್ಮ, ಅವಿದ್ಯೆ, ಉಪಾಧಿ. ಈ ಚೀಲವನ್ನು ಆದಷ್ಟು ತಡವಾಗಿ ಬಿಚ್ಚಿ.

ಗುರು ಡಬ್ಬಿಯಲ್ಲಿಲ್ಲ. ಬೇರೆ ಹುಡುಕಿಕೊಳ್ಳಬೇಕು. ಈ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಲಚ್ಯಾಣದಲ್ಲೇ ಸಿದ್ಧಲಿಂಗ ಮಹಾರಾಜರ ಮಠ. ವಿಜಯಪುರ ಕಡೆಯ ಪ್ಯಾಸೆಂಜರ್ ಗಾಡಿ ಹತ್ತಿದರೆ ಇಂಡಿ ರೋಡ್ ದಾಟಿ ನಿಂಬಾಳ, ಅಲ್ಲಿ ಸ್ಟೇಷನ್ನಿನ ಹತ್ತಿರವೇ ಗುರುದೇವ ರಾನಡೆಯವರ ಆಶ್ರಮ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ನಿವೃತ್ತರಾದ ಮೇಲೆ ಅವರು ನೆಲೆ ನಿಂತದ್ದು ಕಾಶಿಯಲ್ಲಲ್ಲ, ಹೃಷೀಕೇಶದಲ್ಲಲ್ಲ, ಈ ಬರದ ನಾಡಿನ ಸಣ್ಣ ಸ್ಟೇಷನ್ನಿನ ಪಕ್ಕದಲ್ಲಿ. 1957ರ ಜೂನ್ 6ರಂದು ದೇಹ ಬಿಟ್ಟದ್ದೂ ಅಲ್ಲೇ.

1926ರಲ್ಲಿ ಪುಣೆಯಿಂದ ಹೊರಬಂದ ಅವರ ಇಂಗ್ಲಿಷ್ ಗ್ರಂಥ ಉಪನಿಷತ್ತುಗಳ ಸಮೀಕ್ಷೆ. ಋಷಿಗಳು ಪಾಠ ಹೇಳುವ ಹತ್ತು ರೀತಿಗಳನ್ನು ಅದರಲ್ಲಿ ಬಿಡಿಸಿ ತೋರಿಸಿದ್ದಾರೆ. ಒಗಟು ಹಾಕುವುದು, ಸೂತ್ರದಲ್ಲಿ ಹೇಳುವುದು, ಕಥೆ ಕಟ್ಟುವುದು, ವಾದಕ್ಕಿಳಿಯುವುದು, ಹೀಗೆ. ನನಗೆ ಹಿಡಿಸಿದ್ದು ಇನ್ನೊಂದು: ಶಿಷ್ಯನಿಗೆ ದಕ್ಕುವಷ್ಟನ್ನೇ ಹೇಳಿ, ಉಳಿದದ್ದನ್ನು ಅವನು ತಿರುಗಿ ಬಂದು ಕೇಳುವವರೆಗೆ ತನ್ನಲ್ಲೇ ಇಟ್ಟುಕೊಳ್ಳುವುದು. ನಮ್ಮ ಪೆಂಡಾಲಿನ ಮೈಕಿಗೆ ಈ ರೀತಿ ಇನ್ನೂ ಮುಟ್ಟಿಲ್ಲ.

ಕೂಡಿಸುವ ಮುಂಚೆ

ಊಟ ಮಾಡಿ. ಇದು ನನ್ನ ಮಾತಲ್ಲ, ಛಾಂದೋಗ್ಯದ್ದು. ಶ್ವೇತಕೇತು 12ನೇ ವಯಸ್ಸಿಗೆ ಗುರುವಿನ ಮನೆಗೆ ಹೋಗಿ 24ಕ್ಕೆ ತಿರುಗಿ ಬಂದ, ಎಲ್ಲ ವೇದ ಓದಿ, ಎದೆ ಸೆಟೆಸಿಕೊಂಡು. ದೀಪಾವಳಿಗೆ ಪುಣೆಯಿಂದ, ಬೆಂಗಳೂರಿನಿಂದ ಊರಿಗಿಳಿಯುವ ನಮ್ಮ ಹುಡುಗರ ನಡಿಗೆ ನೋಡಿದವರಿಗೆ ಅವನ ನಡಿಗೆ ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ. ಅಪ್ಪ ಅವನಿಗೆ ಹದಿನೈದು ದಿನ ಊಟ ಬಿಡಿಸಿದ, ಬರೇ ನೀರು. ಆಮೇಲೆ, ಈಗ ವೇದ ಹೇಳಪ್ಪಾ ಅಂದರೆ ಒಂದಕ್ಷರ ನೆನಪಿಲ್ಲ. ಉಂಡು ಬಾ ಅಂದ. ಉಂಡು ಬಂದ ಮೇಲೆ ಕೇಳಿದ್ದೆಲ್ಲ ಬಾಯಿಗೆ ಬಂತು. ಮನಸ್ಸು ಅನ್ನದಿಂದಲೇ ಆದದ್ದು ಎಂಬುದು ಅವತ್ತಿನ ಪಾಠ.

ಹಾಗಾಗಿ ಎರಡು ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೊಂದಿಷ್ಟು ಶೇಂಗಾ ಹಿಂಡಿ, ಇದು ಮೊದಲ ಹಂತ. ನಮ್ಮವ್ವನಿಗೆ ಉಪನಿಷತ್ತಿನ ಹೆಸರೂ ಗೊತ್ತಿರಲಿಲ್ಲ, ಹೆಬ್ಬೆಟ್ಟಿನವಳು. ಯಾರಾದರೂ ಸಿಟ್ಟಿನಿಂದ ಕೂಗಾಡುತ್ತ ಬಾಗಿಲಿಗೆ ಬಂದರೆ, ರೊಟ್ಟಿ ಬಡಿಯುತ್ತಲೇ, ತಲೆ ಸಹ ಎತ್ತದೆ, "ಉಂಡಿಯೇನೋ ಯಪ್ಪಾ?" ಅನ್ನುತ್ತಿದ್ದಳು. ಬಂದವನು ಒಂದು ಗಳಿಗೆ ಮಾತು ಮರೆತು ನಿಲ್ಲುತ್ತಿದ್ದ. ಬಿಸಿ ರೊಟ್ಟಿ ಅವನ ಕೈಗೆ ಬೀಳುತ್ತಿತ್ತು. ಉದ್ದಾಲಕನಿಗೆ ಹದಿನೈದು ದಿನ ಹಿಡಿದ ಪ್ರಯೋಗ ನಮ್ಮ ಅಡುಗೆಮನೆಯಲ್ಲಿ ಒಂದು ರೊಟ್ಟಿ ಬೇಯುವಷ್ಟರಲ್ಲಿ ಮುಗಿಯುತ್ತಿತ್ತು.

ಎರಡನೆಯದು, ಹೊಲಮನೆಯ ಪಾಲು. ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವಾಗ ಮೊದಲು ಮಾಡಹೊರಟದ್ದೇ ಇಬ್ಬರು ಹೆಂಡಿರಿಗೆ, ಕಾತ್ಯಾಯನಿಗೂ ಮೈತ್ರೇಯಿಗೂ, ಆಸ್ತಿ ಹಂಚಿಕೊಡುವ ಕೆಲಸ. ಈ ಆಸ್ತಿಯಿಂದ ನನಗೆ ಸಾವಿಲ್ಲದಂತಾಗುತ್ತದೆಯೇ ಎಂದು ಮೈತ್ರೇಯಿ ಕೇಳಿದ್ದು ಆ ಮಾತು ಎದ್ದ ಮೇಲೆಯೇ. ಜನಕನ ಸಭೆಯಲ್ಲೂ ಅವನ ಕ್ರಮ ಇದೇ. ಕೊಂಬಿಗೆ ಬಂಗಾರ ಕಟ್ಟಿದ ಸಾವಿರ ಆಕಳನ್ನು ನಿಲ್ಲಿಸಿ, ನಿಮ್ಮಲ್ಲಿ ದೊಡ್ಡ ಬ್ರಹ್ಮಜ್ಞಾನಿ ಯಾರೋ ಅವರು ಹೊಡೆದುಕೊಂಡು ಹೋಗಲಿ ಅಂದ ರಾಜ. ಯಾಜ್ಞವಲ್ಕ್ಯ ತನ್ನ ಶಿಷ್ಯನಿಗೆ, ಮೊದಲು ಆಕಳು ಹೊಡಿ ಅಂದ. ವಾದ ನಡೆದದ್ದು ಆಮೇಲೆ. ಇಂಥ ಖುಲ್ಲಾ ಮನುಷ್ಯ ನನಗೆ ಸೇರುತ್ತಾನೆ. ಆಕಳ ಮೇಲೆ ಕಣ್ಣಿಟ್ಟು ಬಾಯಲ್ಲಿ ಬ್ರಹ್ಮದ ಮಾತಾಡುವವನಿಗಿಂತ ಆಕಳು ಬೇಕು ಅನ್ನುವವನು ವಾಸಿ.

ಪಾಲಿನ ಮಾತು ಬಂತು, ಬದುವಿನದನ್ನೂ ಹೇಳಿಬಿಡುತ್ತೇನೆ. ನಮ್ಮ ದೊಡ್ಡಪ್ಪನ ಮಗ ವೇದಾಂತಿ. ಪ್ರತಿವರ್ಷ ಕುಂಟೆ ಹೊಡೆಯುವಾಗ ಬದುವಿನ ಮೇಲೊಂದು ಸಾಲು ಹಾಯಿಸುತ್ತಿದ್ದ. ವರ್ಷಕ್ಕೊಂದೇ ಸಾಲು, ಕಣ್ಣಿಗೆ ಹೊಡೆಯುವಂಥದ್ದಲ್ಲ. ಆದರೆ ಬದುವಿನ ಮೇಲಿದ್ದ ಬನ್ನಿಗಿಡ ಬರಬರುತ್ತ ಅವನ ಹೊಲದೊಳಗೆ ನಿಂತುಬಿಟ್ಟಿತು. ಗಿಡ ನಡೆಯುವುದಿಲ್ಲವಲ್ಲ ಎಂದು ನಮ್ಮಪ್ಪ ಕೇಳಲು ಹೋದ.

"ಭೂಮಿ ಯಾರಪ್ಪಂದೂ ಅಲ್ಲ ಕಾಕಾ. ಕಡೀಕ ಎಲ್ಲಾರಿಗೂ ಆರಡಿ ಮೂರಡಿ ಸಾಕು."

"ಖರೆ ಮಾತಪಾ. ಹಂಗಾದ್ರ ಆ ಆರಡಿ ಮೂರಡಿ ಇಟಗೊಂಡು ಉಳದದ್ದು ನಮಗ ಬರದು ಕೊಡು."

ಮರುವರ್ಷದಿಂದ ಕುಂಟೆ ಬದುವಿನ ಆಚೆಯೇ ತಿರುಗಿತು. ನಿಯಮ ಇಷ್ಟೇ: ಯಾವುದೂ ನನ್ನದಲ್ಲ ಎಂಬ ವಾಕ್ಯವನ್ನು ನಿಮ್ಮ ಹೆಸರಿನ ಉತಾರ ಎದುರಿಗಿಟ್ಟುಕೊಂಡು ಹೇಳಿ ನೋಡಿ. ಬೇರೆಯವರ ಉತಾರದ ಮೇಲೆ ಹೇಳಿದರೆ ಅದಕ್ಕೆ ಒತ್ತುವರಿ ಅನ್ನುತ್ತಾರೆ. ಸೊಸೈಟಿಯ ಸಾಲದ ನೋಟಿಸು ಬಂದಾಗ ಹೇಳುವುದಕ್ಕೂ ಪರವಾನಗಿ ಇಲ್ಲ.

ವೇಗ ಆರಿಸಿಕೊಳ್ಳುವುದು

ಎರಡು ವೇಗಗಳಿವೆ. ಎರಡರ ಬೇರೂ ನಮ್ಮ ನೆರೆಯ ಇಂಚಗೇರಿಯಲ್ಲೇ ಇದೆ. ಉಮದಿಯ ಭಾವುಸಾಹೇಬ ಮಹಾರಾಜರ ಸಮಾಧಿ ಇರುವ ಊರದು. ಅವರು ಹೇಳಿಕೊಟ್ಟದ್ದು ಪಿಪೀಲಿಕಾ ಮಾರ್ಗ, ಇರುವೆಯ ದಾರಿ: ದಿನಾ ತಾಸುಗಟ್ಟಲೆ ಕೂತು ನಾಮ ನೆನೆಯುವುದು, ಗಿಡದ ಬೊಡ್ಡೆಯಿಂದ ಹಣ್ಣಿನವರೆಗೆ ಹರಿದುಕೊಂಡೇ ಹೋಗುವುದು. ಅವರ ಶಿಷ್ಯ, ಸೊಲ್ಲಾಪುರ ಜಿಲ್ಲೆಯ ಪಾಥ್ರಿಯ ಸಿದ್ಧರಾಮೇಶ್ವರ ಮಹಾರಾಜರು ವಿಹಂಗಮ ಮಾರ್ಗ ಅಂದರು, ಹಕ್ಕಿಯ ದಾರಿ: ಕೇಳು, ವಿಚಾರ ಮಾಡು, ನೇರ ಹಣ್ಣಿಗೆ ಹಾರು. ಈ ಎರಡನೆಯ ದಾರಿ ಮುಂಬಯಿಯ ಒಂದು ಬೀಡಿ ಅಂಗಡಿಗೆ ಹೋಗಿ ಮುಟ್ಟಿತು. ಅಂಗಡಿಯಾತ ನಿಸರ್ಗದತ್ತ ಮಹಾರಾಜರಾದರು. ಅವರ ಮಾತುಗಳನ್ನು ಇಂಗ್ಲಿಷಿಗೆ ತಂದವನು ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್. ಹಿಂದೆ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಸಾಮಾನಿನ ಕಾರ್ಖಾನೆ ನಡೆಸಿದ್ದವನು. 1973ರಲ್ಲಿ ಆ ಪುಸ್ತಕ ಬಂದ ಮೇಲೆ ಯೂರೋಪು, ಅಮೆರಿಕದವರು ಆ ಓಣಿ ಹುಡುಕಿಕೊಂಡು ಬಂದರು. ಕಾರ್ಖಾನೆಯವನು ಬರೆದುಕೊಂಡದ್ದರಿಂದಲೇ ಅದು ಅಷ್ಟು ಸಲೀಸಾಗಿ ಓದಿಸಿಕೊಳ್ಳುತ್ತದೇನೋ.

ಹೊಸ ಬಳಕೆದಾರರೆಲ್ಲ ಹಕ್ಕಿಯ ವೇಗವನ್ನೇ ಒತ್ತುತ್ತಾರೆ. ಶಿಫಾರಸು ಇರುವೆಯದು. ರಾನಡೆಯವರಿಗೆ ನಾಮ ಸಿಕ್ಕಿದ್ದು 1901ರಲ್ಲಿ, ಇನ್ನೂ ಶಾಲೆ ಕಲಿಯುತ್ತಿದ್ದಾಗ. ಹರೆಯದಲ್ಲೇ ಹಿಡಿದ ಬೇನೆ ದೇಹವನ್ನು ಹಣ್ಣು ಮಾಡಿತ್ತು, ಕೂಡುವುದು ಮಾತ್ರ ಬಿಡಲಿಲ್ಲ. ಐವತ್ತಾರು ವರ್ಷ ಹಾಗೆ ಹರಿದರು. ನಮ್ಮ ಇಂಡಿಯ ರೈತ ನಿಂಬೆ ಸಸಿ ಹಚ್ಚಿ, ಬ್ಯಾಸಗಿಯಲ್ಲಿ ಟ್ಯಾಂಕರ್ ತರಿಸಿ ನೀರು ಹಾಕಿ, ಕಾಯಿ ಬಿಡುವವರೆಗೆ ವರ್ಷಗಟ್ಟಲೆ ತಕರಾರಿಲ್ಲದೆ ಕಾಯುತ್ತಾನೆ. ಅದೇ ರೈತ ಧ್ಯಾನಕ್ಕೆ ಕೂತ ನಾಲ್ಕನೇ ದಿನಕ್ಕೆ, "ಏನೂ ಕಾಣವಲ್ದರಿ" ಅನ್ನುತ್ತಾನೆ.

ಎಚ್ಚರಿಕೆ: ಬೇರೆಯವರ ದುಃಖದ ಮೇಲೆ ಬಳಸಬಾರದು

ನಮ್ಮ ಓಣಿಯಲ್ಲಿ ಒಬ್ಬ ರೈತ ತೀರಿಕೊಂಡ. ವಯಸ್ಸಾಗಿರಲಿಲ್ಲ. ಮರುದಿನ ಸಂಜೆ ಕಟ್ಟೆಯ ಮೇಲೆ ಗಂಡಸರು, ಪಡಸಾಲೆಯಲ್ಲಿ ಹೆಂಗಸರು. ಸೊಲ್ಲಾಪುರದಿಂದ ಬಂದ ಬೀಗರ ಪೈಕಿಯವರೊಬ್ಬರು ಮರಾಠಿಯಲ್ಲಿ ಗೀತೆ ಓದಿಕೊಂಡವರು. ಎದ್ದು ಪಡಸಾಲೆಯ ಬಾಗಿಲಿಗೆ ಹೋಗಿ, ಆತ್ಮಕ್ಕೆ ಸಾವಿಲ್ಲ, ಹಳೇ ಅಂಗಿ ತೆಗೆದು ಹೊಸದು ಹಾಕಿಕೊಂಡ ಹಾಗೆ ಎಂದು ಶುರು ಮಾಡಿದರು. ದನಿ ಚೆನ್ನಾಗಿತ್ತು. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ತೀರಿಕೊಂಡವನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು:

"ಆತ್ಮ ಸಾಯಂಗಿಲ್ಲಂತ ನನಗೂ ಗೊತ್ತದ ಅಣ್ಣಾ. ಆದ್ರ ಆ ಎಮ್ಮಿ ಅವರ ಕೈಗಷ್ಟ ತೊರೀತಿತ್ತು. ನಿನ್ನಿಲಿಂದ ಹಿಂಡಗೊಡವಲ್ದು, ಕೆಚ್ಚಲ ಬಿಗದು ಒದರಾಕತ್ತೇದ. ಅದಕ್ಕ ಏನ್ ಹೇಳಲಿ?"

ಬೀಗರಿಗೆ ಉತ್ತರ ಹೊಳೆಯಲಿಲ್ಲ. ಒಳಗಿಂದ ಬಾಜೂಮನಿಯ ಅಜ್ಜಿ ಎದ್ದಳು. ಗೂಟಕ್ಕೆ ಸತ್ತವನ ಟಾವೆಲು ಇನ್ನೂ ಹಾಗೇ ನೇತಾಡುತ್ತಿತ್ತು, ಬೆವರಿನ ವಾಸನೆ ಆರಿರಲಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು, ಚರಗಿ ಹಿಡಿದು ಹಿತ್ತಿಲಿಗೆ ಹೋದಳು. ಎಮ್ಮೆ ಮೂಸಿತು. ಟಾವೆಲಿನ ತುದಿಯನ್ನು ಬಾಯಲ್ಲಿ ಹಿಡಿದು ಎಳೆಯಿತು, ಬಿಟ್ಟಿತು, ಮತ್ತೆ ಮೂಸಿತು. ಅಜ್ಜಿ ಮಾತಾಡಲಿಲ್ಲ, ಕೆಚ್ಚಲಿಗೆ ನೀರು ಚಿಮುಕಿಸಿ ಸುಮ್ಮನೆ ಕುಕ್ಕರಗಾಲಲ್ಲಿ ಕೂತಿದ್ದಳು. ಕಡೆಗೊಮ್ಮೆ ಚರಗಿಯ ತಳಕ್ಕೆ ಹಾಲಿನ ಧಾರೆ ಬಿದ್ದ ಸಪ್ಪಳ ಪಡಸಾಲೆಯವರೆಗೆ ಕೇಳಿಸಿತು. ಆಗ ಆ ಹೆಣ್ಣುಮಗಳು ಗಟ್ಟಿಯಾಗಿ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಕಠೋಪನಿಷತ್ತಿನ ಯಮನ ಕ್ರಮ ನೋಡಿ. ನಚಿಕೇತ ಮೂರು ರಾತ್ರಿ ಅವನ ಮನೆಯಲ್ಲಿ ಉಪವಾಸ ಕಾದಿದ್ದ. ಯಮ ಬಂದವನೇ ಮೊದಲು ಅತಿಥಿಗೆ ನೀರು ಕೊಟ್ಟ, ಕಾಯಿಸಿದ್ದು ತಪ್ಪಾಯಿತು ಅಂದ, ಮೂರು ವರ ಕೇಳು ಅಂದ. ಹುಡುಗ ಕೇಳಿದ ಮೊದಲ ವರ, ಅಪ್ಪನ ಸಿಟ್ಟು ಇಳಿಯಲಿ ಎಂಬುದು. ಆತ್ಮದ ಮಾತು ಬಂದದ್ದು ಮೂರನೆಯದಕ್ಕೆ. ಅದನ್ನೂ ಯಮ ಕೂಡಲೇ ಹೇಳಲಿಲ್ಲ, ಬೇರೆ ಏನಾದರೂ ಕೇಳು ಎಂದು ಗೋಗರೆದ. ಸಾವಿನ ಒಡೆಯನಿಗೇ ಇಲ್ಲದ ಅವಸರ ಬೀಗರಿಗೆ ಬೇಕಿರಲಿಲ್ಲ.

ಇನ್ನು, ಜಗತ್ತು ಮಿಥ್ಯೆ ಎಂಬ ಗುಂಡಿ ಒತ್ತುವ ಮುಂಚೆ ಹೊಲದಲ್ಲಿ ನೀರು ಬೀಳದೆ ಬಿಟ್ಟ ಕೊಳವೆಬಾವಿಯ ಬಾಯಿ ಮುಚ್ಚಿದೆಯೇ ನೋಡಿಕೊಳ್ಳಿ. ಇದರಲ್ಲಿ ತಮಾಷೆ ಇಲ್ಲ. 2024ರ ಏಪ್ರಿಲ್ 3ರ ಸಂಜೆ ಇದೇ ಲಚ್ಯಾಣದಲ್ಲಿ ಎರಡು ವರ್ಷದ ಕೂಸು ತೆರೆದ ಕೊಳವೆಬಾವಿಗೆ ಬಿತ್ತು. ಒಳಗಿಳಿಸಿದ ಕ್ಯಾಮೆರಾದಲ್ಲಿ ಕಾಲು ಅಲುಗಿದ್ದು ಕಂಡಿತು. ಬಾವಿಯ ಬಾಜೂಕ್ಕೇ ಇನ್ನೊಂದು ತಗ್ಗು ತೋಡಿ, ಅಲ್ಲಿಂದ ಅಡ್ಡ ಕೊರೆದು, ಕಲ್ಲು ಒಡೆದು, ಸುಮಾರು 20 ತಾಸಿನ ಮೇಲೆ ಮರುದಿನ ಮಧ್ಯಾಹ್ನ ಜೀವಂತ ಎತ್ತಿದರು. ಆ 20 ತಾಸಿನಲ್ಲಿ ಮಾಯೆ ಅಂದ ಬಾಯಿ ಒಂದೂ ಇರಲಿಲ್ಲ. ಶಂಕರರೇ ಜಗತ್ತಿಗೆ ವ್ಯವಹಾರದ ಮಟ್ಟದ ಸತ್ಯವನ್ನು ಬಿಟ್ಟುಕೊಟ್ಟಿದ್ದಾರೆ, ಕೊಳವೆಬಾವಿಯ ಮುಚ್ಚಳ ಆ ಮಟ್ಟದಲ್ಲೇ ಬರುತ್ತದೆ.

ತಲೆಯ ಬಗ್ಗೆ ಪುಟ್ಟ ಸೂಚನೆ: ಅತಿಯಾಗಿ ಕೇಳಿದರೆ ತಲೆ ಉರುಳೀತು ಎಂದು ಯಾಜ್ಞವಲ್ಕ್ಯ ಗಾರ್ಗಿಗೆ ಹೇಳಿದ. ಆಕೆ ಜಾಣೆ, ಅಲ್ಲಿಗೆ ನಿಲ್ಲಿಸಿ, ಹೊತ್ತು ನೋಡಿ ಮತ್ತೆ ಎದ್ದು ಕೇಳಿದಳು. ಶಾಕಲ್ಯ ನಿಲ್ಲಿಸಲಿಲ್ಲ, ತಲೆ ಉರುಳಿತು. ಅವನ ಎಲುಬನ್ನು ಸಹ ಏನೋ ಸಾಮಾನೆಂದು ಕಳ್ಳರು ಹೊತ್ತೊಯ್ದರಂತೆ. ವಾಟ್ಸಾಪಿನಲ್ಲಿ ವಾದಕ್ಕಿಳಿಯುವವರು ಗಮನಿಸಬೇಕು.

ಜೇಬಿನ ವಿಷಯ

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಬಿಳಿ ಅಂಗಿಗೆ ಜೇಬಿರಲಿಲ್ಲ. ಈ ಜಿಲ್ಲೆಯಲ್ಲಿ ಇದು ಕೂಸಿಗೂ ಗೊತ್ತು. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ವಿನಯದಿಂದ ಹಿಂತಿರುಗಿಸಿದರು. 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟ ಪತ್ರದಲ್ಲಿ ದೇಹವನ್ನು ಹುಗಿಯದೆ ಅಗ್ನಿಗೆ ಕೊಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದಿದ್ದರು. 2023ರ ಜನವರಿ 2ರಂದು ತೀರಿಕೊಂಡರು, ಮರುದಿನ ಹಾಗೇ ಆಯಿತು. ದೇಹ ನಾನಲ್ಲ ಎಂಬ ವಾಕ್ಯವನ್ನು ಊರೂರು ತಿರುಗಿ ಹೇಳಿದವರು ಅದನ್ನು ಕಡೆಯಲ್ಲಿ ಪ್ರಯೋಗಿಸಿದ್ದು ತಮ್ಮ ಒಂದೇ ದೇಹದ ಮೇಲೆ. ಡಬ್ಬಿಯ ಮೇಲೆ ಬರೆದ ಸ್ವಂತ ಬಳಕೆ ಎಂದರೆ ಏನೆಂದು ಕೇಳಿದವರಿಗೆ ನಾನು ತೋರಿಸುವುದು ಇದನ್ನೇ.

ಜೇಬಿಲ್ಲದ ಅಂಗಿ ಹೊಲಿಸಿಕೊಂಡು, ಫೋನ್‌ಪೇ ಇದೆಯಲ್ಲ ಅನ್ನುವವರಿಗೆ ಈ ಭಾಗ ಅನ್ವಯಿಸುವುದಿಲ್ಲ.

ತಕರಾರು ಬಂದರೆ

ಧ್ಯಾನಕ್ಕೆ ಕೂತರೆ ನಿದ್ದೆ ಬರುತ್ತದೆ. ಮುಖ ತೊಳೆದು ಬನ್ನಿ. ಗಾಢ ನಿದ್ದೆಯೇ ಆತ್ಮ ಎಂದು ಪ್ರಜಾಪತಿ ಇಂದ್ರನಿಗೆ ಒಮ್ಮೆ ಹೇಳಿ ನೋಡಿದ್ದ, ಇಂದ್ರನೇ ಒಪ್ಪಲಿಲ್ಲ.

ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗಿದೆ. ಇದು ದೋಷವಲ್ಲ. ನೀನೇ ಅದು ಎಂದು ಉದ್ದಾಲಕ ಮಗನಿಗೆ ಒಂಬತ್ತು ಸಲ ಹೇಳಿದ. ಮಗ ಪ್ರತಿ ಸಲವೂ, ಇನ್ನೊಮ್ಮೆ ತಿಳಿಸಿ ಹೇಳಿ ಅಂದ. ಅಪ್ಪ ಬೇಸರಿಸಲಿಲ್ಲ. ನಮ್ಮಲ್ಲಿ ಎರಡನೇ ಸಲಕ್ಕೇ ಅಪ್ಪಂದಿರ ದನಿ ಏರುತ್ತದೆ.

ನಾನು ಬದಲಾದದ್ದು ಮನೆಯವರಿಗೆ ಗೊತ್ತಾಗುತ್ತಿಲ್ಲ. ಗೊತ್ತಾಗಿರುತ್ತದೆ. ಬದಲಾಗದೆ ಇರುವುದು ಗೊತ್ತಾಗಿರುತ್ತದೆ.

ವಾರಂಟಿ

ಇಷ್ಟೇ ವರ್ಷ ಎಂದು ಬರೆದುಕೊಡುವ ಪದ್ಧತಿಯಿಲ್ಲ. ದಾಖಲೆಯಲ್ಲಿರುವ ಅತಿ ದೀರ್ಘ ತಕರಾರು ಇಂದ್ರನದು. ಅವನೂ ವಿರೋಚನನೂ ಪ್ರಜಾಪತಿಯ ಬಳಿ 32 ವರ್ಷ ಇದ್ದರು. ನೀರಿನ ಪಾತ್ರೆಯಲ್ಲಿ ನೋಡಿಕೊಳ್ಳಿ ಅಂದ ಪ್ರಜಾಪತಿ. ಇಬ್ಬರೂ ಚೆಂದ ಅಲಂಕಾರ ಮಾಡಿಕೊಂಡು ನೋಡಿದರು, ಚೆಂದವೇ ಕಂಡಿತು. ವಿರೋಚನ ಅಷ್ಟಕ್ಕೇ ಖುಷಿಯಾಗಿ ಊರಿಗೆ ಹೋಗಿ ಪ್ರವಚನ ಶುರು ಮಾಡಿದ. ಇಂದ್ರನಿಗೆ ಅರ್ಧ ದಾರಿಯಲ್ಲಿ ಸಂಶಯ ಬಂತು: ಕುರುಡನಾದರೆ ನೀರಿನಲ್ಲಿರುವವನೂ ಕುರುಡನಾಗುತ್ತಾನಲ್ಲ, ಇದರಲ್ಲೇನಿದೆ? ತಿರುಗಿ ಬಂದ. ಮತ್ತೆ 32, ಮತ್ತೆ 32, ಕಡೆಗೆ 5, ಒಟ್ಟು 101 ವರ್ಷ. ಒಂದು ಸಲವೂ ಪ್ರಜಾಪತಿ ಇಷ್ಟು ಬೇಗ ಯಾಕೆ ಬಂದೆ ಅನ್ನಲಿಲ್ಲ, ರಾನಡೆಯವರು ಪಟ್ಟಿ ಮಾಡಿದ ಆ ರೀತಿಯಲ್ಲೇ ಸ್ವಲ್ಪ ಹೇಳಿ ಸ್ವಲ್ಪ ಇಟ್ಟುಕೊಂಡು ಕಳಿಸುತ್ತಿದ್ದ.

ದೂರು ಕೊಡುವವರು ಸ್ವತಃ ಬರಬೇಕು, ಫೋನಿನಲ್ಲಿ ಸ್ವೀಕರಿಸುವುದಿಲ್ಲ. ಇಂದ್ರ ಪ್ರತಿ ಸಲವೂ ಪದ್ಧತಿಯಂತೆ ಕೈಯಲ್ಲಿ ಕಟ್ಟಿಗೆ ಹಿಡಿದೇ ಬಂದಿದ್ದ, ನೀವೂ ತನ್ನಿ. ನಿಂಬಾಳದ ಕಡೆಗೆ ಹೋಗುವ ಪ್ಯಾಸೆಂಜರಿನಲ್ಲಿ ಕಟ್ಟಿಗೆ ಹೊರೆಗೆ ಬೇರೆ ಲಗೇಜು ಚಾರ್ಜು ಬೀಳುತ್ತದೋ ಹೇಗೋ, ಲಚ್ಯಾಣ ಸ್ಟೇಷನ್ನಿನಲ್ಲಿ ಹತ್ತುವ ಮುಂಚೆಯೇ ಕೇಳಿಕೊಳ್ಳಿ.